ಮಾವ ಎಳೆಯಬೇಕಿದ್ದ ದೊಡ್ಡ ಮೀನು

ಗ್ರಂಥಾಲಯದ ಗುಮಾಸ್ತ ಅಂದು ಬೆಳಿಗ್ಗೆ ಮಾಡಿದ ತಪ್ಪೆಂದರೆ ಧೂಳು ಒರೆಸಿದ್ದು. ಟಿವಿ ಕೆಳಗಿದ್ದ ಆಟದ ಯಂತ್ರಕ್ಕೂ ಗೋಡೆಯ ಪ್ಲಗ್ಗಿಗೂ ನಡುವೆ ಇಟ್ಟಿಗೆ ಗಾತ್ರದ ಡಬ್ಬಿಯೊಂದಿತ್ತು. ಯಂತ್ರ ಬಂದ ದೇಶದಲ್ಲಿ ಕರೆಂಟಿನ ವೋಲ್ಟೇಜು ಇಲ್ಲಿಯದರ ಅರ್ಧವೂ ಇಲ್ಲ. ಇಲ್ಲಿಯದನ್ನು ಇಳಿಸಿ ಕೊಡುವುದೇ ಡಬ್ಬಿಯ ಕೆಲಸ. ಈ ಪುಣ್ಯಾತ್ಮ ಡಬ್ಬಿಯನ್ನು ಪಕ್ಕಕ್ಕಿಟ್ಟು ಒರೆಸಿ, ಯಂತ್ರದ ವೈರನ್ನು ನೇರ ಗೋಡೆಗೇ ಚುಚ್ಚಿಬಿಟ್ಟ. ಟಪ್ ಎಂದಿತು. ಸುಟ್ಟ ವಾಸನೆ ಬಂತು.

ಯಂತ್ರ ಮಾವನದು. ನಿವೃತ್ತ ಡ್ರಾಯಿಂಗ್ ಮೇಷ್ಟ್ರಾದ ಮಾವನ ಬಲಗೈ ಸ್ವಾಧೀನ ತಪ್ಪಿದಾಗ, ಹಡಗಿನಲ್ಲಿ ಅಡುಗೆ ಮಾಡುವ ಮಗ ಯಾವುದೋ ಬಂದರಿನಲ್ಲಿ ಕೊಂಡು ಕಳಿಸಿದ್ದು. ಪುಟ್ಟ ಹಿಡಿಕೆ ಹಿಡಿದು ಮಣಿಕಟ್ಟು ತಿರುಗಿಸಿದರೆ ಪರದೆಯ ಮೇಲೆ ಗಾಳದ ದಾರ ಸುತ್ತಿಕೊಂಡು ಮೀನು ಮೇಲೆ ಬರುತ್ತಿತ್ತು. ಕೈಗೆ ಒಳ್ಳೆಯ ವ್ಯಾಯಾಮ ಎಂದಿದ್ದರು ಡಾಕ್ಟರು.

"ಎಡಗೈ ಸೋಕಿಸದೆ ಈ ಆಟದಲ್ಲಿರೋ ಆ ದೊಡ್ಡ ಮೀನು ಎಳೆದ ದಿನ ನಮ್ಮನೆಗೆ ಹೊರಟೆ" ಎಂದು ಮಗಳ ಮನೆಗೆ ಬಂದ ಮಾವ ಶಪಥ ಮಾಡಿ ಏಳು ತಿಂಗಳಾಗಿತ್ತು. ಮನೆಯಲ್ಲಿದ್ದ ಒಂದೇ ಕೋಣೆ ಅವರದಾಗಿ, ಗುಮಾಸ್ತ ನಡುಮನೆಯ ಬೆಂಚಿನ ಮೇಲೆ ಕಾಲು ಮಡಚಿಕೊಂಡು ಮಲಗುತ್ತಿದ್ದ. ಬೆಳಗಿನ ಐದಕ್ಕೆ ಮಾವ ಅವನ ತಲೆದೆಸೆಯಲ್ಲಿ ಕೂತು ಪೇಪರನ್ನು ಗಟ್ಟಿಯಾಗಿ ಓದುವರು. ನಿನ್ನೆಯಷ್ಟೇ ಆ ಮೀನು ದಡದವರೆಗೆ ಬಂದು ತಪ್ಪಿಸಿಕೊಂಡಿತ್ತು. ಇವತ್ತಲ್ಲ ನಾಳೆ ಸಿಕ್ಕೇ ಸಿಗುತ್ತಿತ್ತು.

ಮಾವನನ್ನು ಹೆಂಡತಿ ತಪಾಸಣೆಗೆ ಕರೆದುಕೊಂಡು ಹೋಗಿದ್ದಳು. ನಾಲ್ಕಕ್ಕೆ ವಾಪಸ್ಸು. ಗುಮಾಸ್ತ ಇಡೀ ದಿನ ರಜೆ ಹಾಕಿ, ಯಂತ್ರವನ್ನೂ ಅದರ ವೈರು, ಡಬ್ಬಿಗಳನ್ನೂ ದಿಂಬಿನ ಚೀಲಕ್ಕೆ ತುಂಬಿ ಹೊರಟ. ಮೆಟ್ಟಿಲಲ್ಲೇ ಮೇಲ್ಮನೆಯ ಲೈನ್‌ಮನ್ ಸಿಕ್ಕಿದ.

"ಏನ್ ಸಾರ್, ದಿಂಬು ಎತ್ಕೊಂಡು ಎಲ್ಲಿಗೆ?"

ಗುಮಾಸ್ತ ಬಾಯಿಬಿಡಲೇಬೇಕಾಯಿತು. "ಯಾರಿಗೂ ಹೇಳ್ಬೇಡಿ, ನಿಮ್ಮ ದಮ್ಮಯ್ಯ."

"ನಾನ್ಯಾಕೆ ಹೇಳ್ಲಿ" ಎಂದ ಲೈನ್‌ಮನ್, ಬೀದಿ ದಾಟುವಷ್ಟರಲ್ಲಿ ಮೂವರಿಗೆ ಹೇಳಿದ್ದ. ಜೊತೆಗೂ ಬಂದ.

ಕಂಪನಿಯ ಸರ್ವೀಸ್ ಸೆಂಟರಿನ ಹುಡುಗಿ ಯಂತ್ರವನ್ನು ಮಗುಚಿ ನಂಬರು ನೋಡಿದಳು. "ಸರ್, ಇದು ನಮ್ಮದಲ್ಲ."

"ನಿಮ್ ಕಂಪನಿ ಹೆಸರೇ ಇದೆಯಲ್ಲಮ್ಮ."

"ಹೆಸರು ನಮ್ದೇ ಸರ್. ಆದ್ರೆ ಆ ದೇಶದಲ್ಲಿ ಮಾರಿದ್ದು. ನಾವು ಮುಟ್ಟೋ ಹಾಗಿಲ್ಲ, ಅಲ್ಲಿಗೇ ಕಳಿಸ್ಬೇಕು. ಹೋಗೋಕೆ ಎರಡು ತಿಂಗಳು. ಬರೋದು ಗೊತ್ತಿಲ್ಲ."

"ಜ್ವರ ಬಂದೋನಿಗೆ ಹುಟ್ಟಿದೂರಲ್ಲೇ ಮಾತ್ರೆ ತಗೋ ಅಂದಂಗಾಯ್ತು" ಎಂದು ಲೈನ್‌ಮನ್ ಗೊಣಗಿದ. ಗುಮಾಸ್ತನ ಮುಖ ನೋಡಿ ಹುಡುಗಿಗೆ ಪಾಪ ಅನ್ನಿಸಿರಬೇಕು. ದನಿ ತಗ್ಗಿಸಿ, "ಹಿಂದಿನ ಬೀದೀಲಿ ರೇಡಿಯೋ ರಿಪೇರಿಯವರಿದ್ದಾರೆ. ನಾನು ಹೇಳ್ದೆ ಅನ್ಬೇಡಿ" ಎಂದಳು. ಗುಮಾಸ್ತ ಕೈಮುಗಿದ.

ರಿಪೇರಿಯವರು ಯಂತ್ರವನ್ನು ಬಿಚ್ಚಲೇ ಇಲ್ಲ. ಅದರ ವೈರಿನ ನಡುವಿದ್ದ ಅಡಾಪ್ಟರ್ ಬಿಚ್ಚಿದರು. "ಯಂತ್ರಕ್ಕೆ ಏನೂ ಆಗಿಲ್ಲ. ಇದರೊಳಗಿನ ಫ್ಯೂಸು ಹೋಗಿದೆ, ಜೊತೆಗೆ ಒಂದು ಸಣ್ಣ ಬಿಡಿಭಾಗ. ಇವೆರಡು ಸುಟ್ಟು ಅದನ್ನ ಉಳಿಸಿವೆ." ಗಂಟೆಯೊಳಗೆ ಬೇರೆ ಹಾಕಿ, ಈ ಸಲ ಡಬ್ಬಿಯ ಮೂಲಕವೇ ಕರೆಂಟು ಕೊಟ್ಟು, ಅಂಗಡಿಯ ಟಿವಿಗೆ ಜೋಡಿಸಿದರು. ಪರದೆ ತುಂಬ ಯಾರೂ ಕಾಣದ ಲಿಪಿ.

"ಏಣಿ ಥರ ಇರೋ ಅಕ್ಷರಾನ ಒತ್ತಿ" ಎಂದ ಲೈನ್‌ಮನ್. "ಆಮೇಲೆ ಕಿಟಕಿ. ಆಮೇಲೆ ಮೂರು ಕೂದಲು." ಮೇಷ್ಟ್ರು ವಠಾರಕ್ಕೆಲ್ಲ ಆ ಪಾಠ ಮಾಡಿದ್ದರು.

ಪರದೆಯ ಮೇಲೆ ಹೊಳೆ ಬಂತು. ಪರೀಕ್ಷೆಗೆಂದು ಹಿಡಿಕೆ ಹಿಡಿದ ರಿಪೇರಿಯವರು ಕೆಳಗಿಡಲಿಲ್ಲ. ಮಿಕ್ಸಿ ತಂದವರು, ಟಾರ್ಚು ತಂದವರು ಸರದಿ ನಿಂತರು. ಎಲ್ಲರಿಗೂ ಇನ್ನೊಂದೇ ಮೀನು ಬೇಕಿತ್ತು. ಮೂರೂವರೆಗೆ ಗುಮಾಸ್ತ ಅಳುವುದೊಂದು ಬಾಕಿ.

"ನಮ್ ಮಾವನ ಕೈ ಇದು, ಕೊಟ್ಬಿಡಿ ಸ್ವಾಮಿ."

ಮಿಕ್ಸಿಯವರೇ ದಿಂಬಿನ ಚೀಲ ಹಿಡಿದು ನಿಂತರು. ಆಟೋವನ್ನೂ ಅವರೇ ತಡೆದರು. ಲೋಕದಲ್ಲಿ ಇಷ್ಟೊಂದು ಒಳ್ಳೆಯವರಿದ್ದಾರೆಂದು ಗುಮಾಸ್ತನಿಗೆ ಗೊತ್ತೇ ಇರಲಿಲ್ಲ.

ಮನೆಗೆ ಬಂದು, ಡಬ್ಬಿ ಸೇರಿದೆಯೇ ಎಂದು ಮೂರು ಸಲ ನೋಡಿ ಜೋಡಿಸಿದ. ಮಾವ ಬಂದರು, ನೀರು ಕುಡಿದರು, ಹಿಡಿಕೆ ಹಿಡಿದರು. ಕಾಲು ಗಂಟೆಯಲ್ಲಿ, ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಆ ದೊಡ್ಡ ಮೀನನ್ನು ಎಳೆದು ದಡಕ್ಕೆ ಹಾಕಿದರು. ಹೆಂಡತಿ ಚಪ್ಪಾಳೆ ತಟ್ಟಿದಳು. ಗುಮಾಸ್ತ ಕೋಣೆಯೊಳಗಿನ ಮಂಚವನ್ನು ಪ್ರೀತಿಯಿಂದ ನೋಡಿದ.

ಬಾಗಿಲಲ್ಲಿದ್ದ ಲೈನ್‌ಮನ್‌ಗೆ ತಡೆಯಲಾಗಲಿಲ್ಲ. "ಮೇಷ್ಟ್ರೇ, ನಿಮ್ಮ ಅಳಿಯಂದ್ರು ಇವತ್ತು ಪಟ್ಟ ಪಾಡು ಕೇಳಿ" ಎಂದು ಬೆಳಗಿನಿಂದ ಹಿಡಿದು ಎಲ್ಲವನ್ನೂ ಒದರಿಬಿಟ್ಟ.

ಮಾವ ಅಳಿಯನ ಕೈ ಹಿಡಿದರು, ಬಲಗೈಯಿಂದಲೇ. "ಇದನ್ನ ಕಳಿಸಿದ ಮಗ ಕೈ ಹೇಗಿದೆ ಅಂತ ಒಂದಿನ ಕೇಳ್ಲಿಲ್ಲ. ನೀವು ಅದಕ್ಕೋಸ್ಕರ ಬಿಸಿಲಲ್ಲಿ ಅಲೆದ್ರಿ."

"ಅದೇನ್ ಮಹಾ, ಮಾವ."

"ನಾನೇ ಇಲ್ಲಿ ಭಾರ ಅಂದ್ಕೊಂಡು ಹೊರಡೋಕೆ ಒದ್ದಾಡ್ತಿದ್ದೆ. ಇಂಥೋರನ್ನ ಬಿಟ್ಟು ಎಲ್ಲಿಗೆ ಹೋಗ್ಲಿ? ಆ ಶಪಥ ವಾಪಸ್ ತಗೊಂಡೆ. ಇನ್ನು ಇಲ್ಲೇ ಇರ್ತೀನಿ."

ಹೆಂಡತಿ ಕಣ್ಣೊರೆಸಿಕೊಂಡು ಗಂಡನನ್ನು ನೋಡಿದಳು. ಮದುವೆಯಾದ ಮೇಲೆ ಒಮ್ಮೆಯೂ ಹಾಗೆ ನೋಡಿರಲಿಲ್ಲ. ಗುಮಾಸ್ತನ ಕಣ್ಣೂ ತುಂಬಿ ಬಂತು. ಹಾಗೇ ಮೆಲ್ಲಗೆ ಕೈ ಬಿಡಿಸಿಕೊಳ್ಳಲು ನೋಡಿದ. ಆಗಲಿಲ್ಲ. ಮಾವನ ಹಿಡಿತ ಪೂರ್ತಿ ವಾಪಸ್ಸು ಬಂದಿತ್ತು.