ಅರುಂಧತಿಯ ಪುಟ ತಿರುವಿದ್ದು

ಹೆದರಿಕೆಯಲ್ಲಿ ಎರಡು ಬಗೆ. ತಪ್ಪು ಮಾಡಿದ ಮೇಲೆ ಬರುವುದೊಂದು. ಇನ್ನೂ ಮಾಡದ ತಪ್ಪಿಗೆ ಮುಂಗಡವಾಗಿ ಬರುವುದೊಂದು. ನಾನು ಎರಡನೆಯದರಲ್ಲಿ ನುರಿತವನು. ರೈಲು ಹತ್ತೂವರೆಗೆ ಎಂದರೆ ಎಂಟಕ್ಕೇ ಹೋಗಿ ಕೂತು, ಪ್ಲ್ಯಾಟ್‌ಫಾರ್ಮ್ ಇದೇ ತಾನೇ ಎಂದು ಮೂವರನ್ನು ಕೇಳುತ್ತೇನೆ. ದೆಹಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಸೆಕ್ಷನ್ ಆಫೀಸರ್. ಮೇಲಧಿಕಾರಿ ‘ಅಚ್ಛಾ’ ಎಂದರೆ ಅದು ಮೆಚ್ಚುಗೆಯೋ ಎಚ್ಚರಿಕೆಯೋ ಎಂದು ಇಂದಿರಾಪುರಂನ ಮನೆ ಮುಟ್ಟುವವರೆಗೂ ಯೋಚಿಸುತ್ತೇನೆ. ಇಂಥವನಿಗೆ ನನ್ನ ಮಗಳು, ತುಂಬಿದ ಸಭೆಯಲ್ಲಿ ಪಿಯಾನೋದವನ ಸ್ವರಲಿಪಿಯ ಪುಟ ತಿರುವುವ ಕೆಲಸ ಕೊಟ್ಟಳು.

ಮಗಳು ಮೇಘನಾ ನುಡಿಸುವುದು ಚೆಲ್ಲೊ. ಪಿಟೀಲಿಗೆ ದೊಡ್ಡಪ್ಪನಂಥ ವಾದ್ಯ. ನೆಲಕ್ಕೂರಿ ಮಂಡಿಗಳ ನಡುವೆ ಹಿಡಿದು ನುಡಿಸಬೇಕು. ಪಿಟೀಲಿನ ಋತು, ಪಿಯಾನೋದ ಕಬೀರ್ ಸೇರಿ ಅವರದು ಮೂರೇ ಜನರ ಮೇಳ. ಋತು ಸಪ್ತರ್ಷಿಗಳ ಹೆಂಡತಿಯರ ಕಥೆಯನ್ನು ಸಂಗೀತಕ್ಕೆ ಅಳವಡಿಸಿದ್ದಳು. ಮಾಡದ ತಪ್ಪಿಗೆ ಆರು ಮಂದಿಯನ್ನು ಗಂಡಂದಿರು ಮನೆಯಿಂದ ಹೊರಹಾಕಿದರು. ಅವರು ಆಕಾಶದ ಇನ್ನೊಂದು ಮೂಲೆಗೆ ಹೋಗಿ ಕೃತ್ತಿಕೆಯರಾದರು. ವಸಿಷ್ಠರ ಪಕ್ಕದಲ್ಲಿ ಅರುಂಧತಿ ಮಾತ್ರ ಉಳಿದಳು. ಪಿಟೀಲು ಕೃತ್ತಿಕೆಯರು, ಪಿಯಾನೋ ಋಷಿಗಳು, ನನ್ನ ಮಗಳ ಚೆಲ್ಲೊ ಅರುಂಧತಿ. “ದಿಲ್ಲಿಯಲ್ಲಿ ನಕ್ಷತ್ರ ಎಲ್ಲಿ ಕಾಣುತ್ತೆ ಅಂಕಲ್? ಅದಕ್ಕೇ ಕೇಳಿಸೋಣ ಅಂತ” ಎಂದು ಋತು ಹಿಂದಿಯಲ್ಲಿ ವಿವರಿಸಿದಳು. ನನ್ನ ಮದುವೆಯಲ್ಲೂ ಅಷ್ಟೆ, ಕಂಡಿರಲಿಲ್ಲ. ಪುರೋಹಿತರು ನಡುಮಧ್ಯಾಹ್ನ ಛತ್ರದ ಬಾಗಿಲಿಗೆ ಕರೆತಂದು, ರಣಬಿಸಿಲಿಗೆ ಬೆರಳು ತೋರಿಸಿ “ಅರುಂಧತಿ ಕಂಡಳೇ?” ಎಂದರು. ಹೆಂಡತಿ ಸುಮಾ ತಕ್ಷಣ “ಕಂಡಳು” ಎಂದಳು. ನಾನು “ಯಾವ ಕಡೆ?” ಎಂದು ಕೇಳಿ ಇಡೀ ಪಂಕ್ತಿಯ ಊಟ ತಡಮಾಡಿದ್ದೆ.

ಮಕ್ಕಳು ದೆಹಲಿಯ ಮುನಿರ್ಕಾದ ಒಂದು ಬಾಡಿಗೆ ಕೋಣೆಯಲ್ಲಿ ಅಭ್ಯಾಸ ಮಾಡುತ್ತಿದ್ದರು. ಗದ್ದಲವೆಂದು ಮನೆಯ ಮಾಲೀಕ ನಿಲ್ಲಿಸಿಬಿಟ್ಟ. ಗುರುಗ್ರಾಮದ ನಿವೃತ್ತ ವೈದ್ಯೆಯೊಬ್ಬರ ಫ್ಲ್ಯಾಟಿನಲ್ಲಿ ದೊಡ್ಡ ಪಿಯಾನೋ ಇತ್ತು. ಭಾನುವಾರ ಸಂಜೆ ಅವರ ಹಾಲಿನಲ್ಲೇ ಅತಿಥಿಗಳ ಮುಂದೆ ನುಡಿಸುವುದು, ಅವರಿಗೆ ಹಿಡಿಸಿದರೆ ಪ್ರತಿ ವಾರ ಅಲ್ಲೇ ಅಭ್ಯಾಸ. ಹಿಡಿಸದಿದ್ದರೆ ಮೇಳ ಮುಗಿದಂತೆಯೇ. ಆ ಮಧ್ಯಾಹ್ನವೇ ಪುಟ ತಿರುವಬೇಕಾಗಿದ್ದ ಹುಡುಗಿಗೆ ಜ್ವರ ಬಂತು.

“ಅಪ್ಪಾ, ಪ್ಲೀಸ್. ಆಫೀಸಲ್ಲಿ ಡೈಲಿ ಪೇಜ್ ತಾನೇ ತಿರುಗಿಸೋದು ನೀನು?” ಎಂದಳು ಮೇಘನಾ.

“ಫೈಲಿನ ಪುಟ ತಿರುಗಿಸಿದ್ರೆ ಏನೂ ಆಗಲ್ಲ ಪುಟ್ಟಿ. ಅದೇ ಅದರ ಅನುಕೂಲ” ಎಂದೆ. ಕೇಳುವವರು ಯಾರು?

ಕಬೀರ್ ಧೈರ್ಯ ಹೇಳಿದ. ಸ್ವರಲಿಪಿ ಓದಲು ಬರಬೇಕಿಲ್ಲವಂತೆ, ಅವನು ತಲೆಯಾಡಿಸಿದಾಗ ತಿರುವಿದರೆ ಸಾಕಂತೆ. ಸುಲಭವೆನಿಸಿತು. ನುಡಿಸಲು ಶುರುಮಾಡಿದ ಮೇಲೆ ಗೊತ್ತಾಯಿತು, ಆ ಹುಡುಗ ಎಲ್ಲದಕ್ಕೂ ತಲೆಯಾಡಿಸುತ್ತಾನೆ! ಮಂದ್ರಕ್ಕೊಮ್ಮೆ, ತಾರಕ್ಕೊಮ್ಮೆ, ಸಂತೋಷಕ್ಕೊಮ್ಮೆ, ಕೂದಲು ಕಣ್ಣಿಗೆ ಬಿದ್ದರೆ ಇನ್ನೊಮ್ಮೆ. ಪ್ರತಿ ಸಲವೂ ನಾನು ಅರ್ಧ ಎದ್ದು ಮತ್ತೆ ಕೂರುತ್ತಿದ್ದೆ. ಮುಂದಿನ ಸಾಲಿನ ಮುದುಕರೊಬ್ಬರು ನನಗೆ ಬೆನ್ನುನೋವೆಂದುಕೊಂಡು ಕನಿಕರದಿಂದ ನೋಡಿದರು.

ಹೇಗೋ ಮೂರು ಪುಟ ದಾಟಿದೆವು. ಅರುಂಧತಿಯ ಭಾಗ ಬಂತು. ಕಬೀರ್ ತಲೆಯಾಡಿಸಿದ, ಇದು ಖಂಡಿತ ನನಗೇ ಎನಿಸಿ ತಿರುವಿದೆ. ಬೆವರಿದ ಬೆರಳಿಗೆ ಎರಡು ಹಾಳೆ ಒಟ್ಟಿಗೇ ಅಂಟಿ ಬಂದವು. ಕಬೀರನ ಕೈಗಳು ಗಾಳಿಯಲ್ಲೇ ನಿಂತವು. “ಪೀಛೇ ಅಂಕಲ್, ಪೀಛೇ!” ಎಂದು ಪಿಸುಗುಟ್ಟಿದ. ಪುಟ ಹಿಂದಕ್ಕೆ ಎಂದು ಅವನ ಅರ್ಥ. ನಾನು ನನ್ನ ಕುರ್ಚಿಯನ್ನು ಹಿಂದಕ್ಕೆ ಸರಿಸಿದೆ.

ಋತುವಿನ ಪಿಟೀಲೂ ಸುಮ್ಮನಾಯಿತು. ಮಗಳತ್ತ ನೋಡಿದೆ. ಮುಗಿಸಬೇಕಾಗಿದ್ದ ಸ್ವರವನ್ನು ಅವಳು ಮುಗಿಸಿರಲಿಲ್ಲ. ಕಮಾನು ಎತ್ತದೆ, ಒಂದೇ ಸ್ವರವನ್ನು ಹಾಗೇ ಎಳೆಯುತ್ತಿದ್ದಳು. ಅತ್ತಿತ್ತ ಹೋದರೂ ಕಮಾನು ಎಲ್ಲೂ ತಡವರಿಸಲಿಲ್ಲ. ನಲವತ್ತು ಜನರ ಹಾಲಿನಲ್ಲಿ ಅದೊಂದೇ ಸದ್ದು. ಅಷ್ಟರಲ್ಲಿ ಕಬೀರ್ ತಾನೇ ಕೈಚಾಚಿ ಹಾಳೆ ಸರಿಮಾಡಿಕೊಂಡ. ಪಿಯಾನೋ ಮೆಲ್ಲಗೆ ಬಂದು ಅವಳ ಜೊತೆ ಸೇರಿತು.

ಚಪ್ಪಾಳೆ ಮುಗಿದ ಮೇಲೆ ವೈದ್ಯೆ ಋತುವಿನ ಕೈಹಿಡಿದುಕೊಂಡರು. “ಎಲ್ಲರೂ ಸುಮ್ಮನಾದ ಮೇಲೂ ಅರುಂಧತಿ ಒಬ್ಬಳೇ ಉಳಿದಳಲ್ಲ, ಅದನ್ನು ಹೇಗೆ ಬರೆದೆ?” ಋತು ನನ್ನತ್ತ ನೋಡಿದಳು. ನಾನು ಕಿಟಕಿಯ ಪರದೆಯತ್ತ ನೋಡಿದೆ. “ಬರೆದಿರಲಿಲ್ಲ ಆಂಟಿ, ಮೇಘನಾ ಮಾಡಿದ್ದು. ಇನ್ಮೇಲೆ ಬರೀತೀನಿ” ಎಂದಳು. ಭಾನುವಾರಗಳು ಮಕ್ಕಳ ಪಾಲಾದವು.

ವಾಪಸು ಬರುವಾಗ ಕ್ಯಾಬಿನಲ್ಲಿ ಸುಮಾ, “ಎಷ್ಟು ಚೆನ್ನಾಗಿ ನುಡಿಸಿದಳು ಅಲ್ವೇನ್ರೀ? ನೀವಂತೂ ಪಕ್ಕದಲ್ಲೇ ಕೂತಿದ್ರಿ” ಎಂದಳು. ಮಗಳೂ ನನ್ನ ಮುಖ ನೋಡಿದಳು. ಹೌದೆನ್ನಲು ಬಾಯಿ ತೆರೆದವನಿಗೆ ಸುಳ್ಳು ಹೊರಡಲಿಲ್ಲ.

“ಆ ಒಂದು ಉದ್ದದ ಸ್ವರ ಮಾತ್ರ ಕೇಳಿಸ್ತು ಪುಟ್ಟಿ. ಮಿಕ್ಕಿದ್ದೆಲ್ಲ ಬರೀ ಕಬೀರನ ತಲೆ.”

ಅವಳು ನಕ್ಕು ನನ್ನ ಭುಜಕ್ಕೆ ಒರಗಿದಳು. “ಚಲೋ, ನೆಕ್ಸ್ಟ್ ಸಂಡೆ ಬಂದು ಸುಮ್ನೆ ಕೂತ್ಕೊಂಡು ಕೇಳು. ಏನೂ ಮಾಡ್ಬೇಡ.”

ಒಪ್ಪಿಕೊಂಡೆ. ಇವತ್ತು ಗುರುವಾರ. ಚಪ್ಪಾಳೆ ತಟ್ಟುವುದು ಯಾವಾಗ ಎಂದು ಯಾರನ್ನು ಕೇಳಬೇಕೋ ತಿಳಿಯದೆ ನಿದ್ದೆಗೆಟ್ಟಿದ್ದೇನೆ.