ನಮ್ಮನಿ ಚೀನಾ ಖಾರ

ಹಠ ಹಿಡದು ಅಡಗಿಗೆ ನಿಂತ್ರ ಇಂಥಾವು ಆಗೂವ ನೋಡ್ರಿ. ನಾ ಹಿಡದದ್ದು ಚೀನಾ ಖಾರದ ಹಠ. ಕಡ್ಡಿಗೆ ಪನೀರ, ಡೊಣ್ಣ ಮೆಣಸಿನಕಾಯಿ ಚುಚ್ಚಿ, ಖಾರ ಸವರಿ ಕೆಂಡದ ಮ್ಯಾಲೆ ಒಬ್ಬಾಕಿ ಸುಡೂದನ್ನ ಫೋನಿನ ವಿಡಿಯೋದಾಗ ನೋಡಿದ್ದೆ.

ಅತ್ತಿ ಅಂದ್ರು, "ರವಿವಾರ ಮಗಳು-ಅಳಿಯಾ ಬರ್ತಾರ, ಮಾಡು. ಆದ್ರ ಅಳಿಯಾ ನನ್ನ ಶೇಂಗಾ ಹಿಂಡಿ ಕೇಳಿದ್ರಂದ್ರ, ಈ ಚೀನಾ-ಗೀನಾ ಮತ್ತ ನನ್ನ ಒಲಿ ಏರಬಾರದು."

"ಕೇಳಂಗಿಲ್ಲ ಬಿಡ್ರಿ" ಅಂದೆ. ಅಂದದ್ದೇನೋ ಅಂದೆ, ಆದ್ರ ಆ ಮನಷ್ಯಾ ಚಹಾ ಒಂದ ಬಿಟ್ಟು ಎಲ್ಲಾದಕ್ಕೂ ಅತ್ತಿ ಕುಟ್ಟೂ ಆ ಶೇಂಗಾ ಚಟ್ನಿಪುಡಿ, ಅದ ಹಿಂಡಿ, ಹಚ್ಚಿಕೊಂಡು ತಿನ್ನಾಂವ.

೧. ಪಾಳಿ

ಮೆಣಸಿನಕಾಯಿ, ಜೀರಗಿ, ಎಳ್ಳು ಹುರದು, ಒಂದ ಬಟ್ಟಲ ತಗೊಂಡು ಹಾರೂಗೇರಿಯ ಖಾರದ ಗಿರಣಿಗೆ ಹೋದೆ. ವರ್ಷದ ಖಾರಕ್ಕ ಚೀಲ ತಂದವರೆಲ್ಲಾ 'ನಂದ ಮೊದಲ, ನಂದ ಮೊದಲ' ಅಂತ ಜಗಳಾಡಾಕತ್ತಿದ್ರು.

"ಇಷ್ಟ ಹಾಕಿದ್ರ ಮಷಿನ್ನಿಗೆ ಗೊತ್ತೂ ಆಗಂಗಿಲ್ರಿ ಅಕ್ಕಾರ" ಅಂದ ಗಿರಣಿಯಾಂವ.

"ಹಾಕ್ರಿ ನೀವು."

ಹಾಕಿದ. ಕೆಳಗ ಏನೂ ಬರಲಿಲ್ಲ; ನನಗ ಸೀನು ಬಂತು.

"ನನ್ನ ಚೀನಾ ಖಾರ ಎಲ್ರಿ?"

"ಮಷಿನ್ನಿನ ಹೊಟ್ಯಾಗ. ಮುಂದಿನವರ ಚೀಲದಾಗ ಬರ್ತೈತಿ."

ಅಷ್ಟ ಅಂದದ್ದ ತಡ, ಪಾಳಿಯೊಳಗಿನವರೆಲ್ಲಾ ಭಾಳ ಸಂಭಾವಿತರಾದ್ರು: "ನೀವ ಮೊದಲ ಹಾಕಿಸ್ರಿ." "ಛೇ, ಛೇ, ನೀವ ಹಿರ್ಯಾರು, ನೀವ ಹಾಕಿಸ್ರಿ."

೨. ಜುಮ್

ಮನ್ಯಾಗ ಮತ್ತೊಮ್ಮೆ ಎಲ್ಲಾ ಹುರದು ಒಳಕಲ್ಲಿನ್ಯಾಗ ಕುಟ್ಟಿದೆ. ನಾಲಿಗಿ ಜುಮ್ ಅನ್ನಬೇಕಂತ ಫೋನಿನ್ಯಾಕಿ ಹೇಳಿದ್ಲು. ಅದಕ್ಕ ಹಾಕೂ ಚೀನಾ ಕಾಳು ನಮ್ಮ ಕಡೆ ಎಲ್ಲಿ ಸಿಗಬೇಕು? ನಿಪ್ಪಾಣಿಯೊಳಗ ತಿರಫಳ ಸಿಕ್ತು, ಕೊಂಕಣದವರು ಮೀನಿನ ಸಾರಿಗೆ ಹಾಕೂದು. "ಎರಡ ಸಾಕ್ರಿ" ಅಂದ ಅಂಗಡಿಯಾಂವ. ನಾ ಒಂದ ಹಿಡಿ ಹಾಕಿದೆ.

ಯಜಮಾನ್ರಿಗೆ ರುಚಿ ನೋಡಾಕ ಕೊಟ್ಟೆ. ತುಟಿ ಮುಟ್ಟಿಕೊಂಡು ಕನ್ನಡಿ ಮುಂದ ಓಡಿದ್ರು.

"ಅಯ್ಯಯ್ಯೋ, ಲಕ್ವಾ ಹೊಡೀತು! ಬಾಯಿ ಎಲ್ಲೈತಿ ಗೊತ್ತಾಗವಲ್ದು. ದವಾಖಾನಿಗೆ ನಡಿ!"

"ಸುಮ್ನ ಕುಂದ್ರಿ," ಅಂದೆ, "ರುಚಿ ಬರಾಕತ್ತೈತಿ."

೩. ರವಿವಾರ

ಬಿಡ್ತೀನೇನ್ರಿ? ತಿರಫಳ ಒಂದಕ್ಕ ಇಳಿಸಿದೆ. ಖಾರ ಪನೀರಿಗೆ ಹತ್ತವಲ್ದು ಅಂತ ಮತ್ತ ಫೋನ್ ನೋಡಿದೆ. ಹುರದ ಶೇಂಗಾ, ಬಳ್ಳೊಳ್ಳಿ ಕುಟ್ಟಿ ಕೂಡಸ್ರಿ ಅಂದ್ಲು. ಕೂಡಿಸಿದೆ. ಹತ್ತಿತು.

ರವಿವಾರ ಇದ್ದಿಲ ಶೆಗಡಿ ಹೊತ್ತಿಸಿ ಸುಟ್ಟೆ. ಅತ್ತಿ ಬೇಕಂತನ ಹಿಂಡಿ ಡಬ್ಬಿ ಮಡಿಲಾಗ ಇಟ್ಟುಕೊಂಡು ಅಳಿಯನ ಎದುರ ಕುಂತ್ರು. ಅಳಿಯಾ ಒಂದ ಕಡ್ಡಿ ತಿಂದ್ರು. ಎರಡ ತಿಂದ್ರು. ಡಬ್ಬಿ ಕಡೆ ಕಣ್ಣೆತ್ತಿ ನೋಡಲಿಲ್ಲ.

"ನೋಡ್ರಿ ಅತ್ತಿ," ಅಂತ ಕುಣದೆ, "ಹಿಂಡಿ ಕೇಳಲಿಲ್ಲ!"

ಅಳಿಯಾ ಬೆರಳ ಚೀಪಿಕೋತ ಅಂದ್ರು, "ಯಾಕ ಕೇಳೂದ್ರಿ ವೈನಿ? ನೀವ ಹಿಂಡಿ ಹಚ್ಚೇ ಸುಟ್ಟೀರಲ್ಲ. ಜೀರಗಿ ತುಸು ಹೆಚ್ಚಾಗೇತಿ, ಅಷ್ಟ."

ಅತ್ತಿ ಒಂದ ಚೂರು ಬಾಯಿಗೆ ಹಾಕಿಕೊಂಡ್ರು. ಶೇಂಗಾ, ಖಾರ, ಬಳ್ಳೊಳ್ಳಿ, ಜೀರಗಿ. ಡಬ್ಬಿಯೊಳಗಿನ ತಮ್ಮ ಹಿಂಡಿನೂ ನೆಕ್ಕಿ ನೋಡಿದ್ರು, ಅದ ರುಚಿ. "ಒಲಿ ನಿಂದ ತಗೋ" ಅಂದ್ರು. ಆಮ್ಯಾಲೆ ಸತ್ತಿ ಊರಾಗಿರೂ ತಮ್ಮ ಅಕ್ಕಗ ಫೋನ್ ಹಚ್ಚಿದ್ರು:

"ಅಕ್ಕಾ, ಇಷ್ಟ ವರ್ಷ ನಾವು ಚೀನಾ ಅಡಗೀನ ಮಾಡಾಕತ್ತೇವಂತಲ್ಲ! ನಮಗ ಯಾರೂ ಹೇಳೇ ಇಲ್ಲ ನೋಡು!"