ಬಿಟ್ಟು ಸಾಕಿದ ಕೋಳಿಯ ಲಾಭಗಳು

ಖರ್ಚಿಲ್ಲ

ಕುಮಟಾ ಸಂತೆಯಲ್ಲಿ ನಾಲ್ಕು ಹೇಂಟೆ ಕೋಳಿ ಕೊಂಡೆ. ಮಾರುವವ ಹೇಳಿದ: "ಬಿಟ್ಟು ಸಾಕಿ. ಮೇವಿನ ಖರ್ಚಿಲ್ಲ. ಹುಳಹುಪ್ಪಟೆ ಹೆಕ್ಕಿ ತಿಂತವೆ."

ಹೊನ್ನಾವರದ ಮನೆಗೆ ತಂದು ಬಿಟ್ಟೆ. ಹುಳಹುಪ್ಪಟೆ ಮುಟ್ಟಲಿಲ್ಲ. ಪಕ್ಕದ ಮನೆ ಮೇಷ್ಟ್ರ ಹರಿವೆ ಸೊಪ್ಪು ತಿಂದವು.

ಮೇಷ್ಟ್ರು ನಿವೃತ್ತರು. ಮೊಟ್ಟೆ ಎಂಬ ಶಬ್ದ ಬಾಯಿಗೆ ಬಂದರೂ ಬಾಯಿ ಮುಕ್ಕಳಿಸುವವರು. ಬೇಲಿಯಾಚೆಯಿಂದ ಕೂಗಿದರು.

"ನಿಮ್ಮ ಕೋಳಿ ನಮ್ಮ ಹರಿವೆ ಪೂರಾ ತಿಂತು ಮಾರಾಯ್ರೆ!"

"ಗೊಬ್ಬರ ಹಾಕಿತಲ್ಲ?"

"ಹಾಕಿತು. ತುಳಸಿಕಟ್ಟೆ ಮೇಲೆ!"

ಮೊಟ್ಟೆ ಮನೆಯಲ್ಲೇ

ಕೋಳಿಗಳು ದಿನಾ ಬೆಳಿಗ್ಗೆ ಮೊಟ್ಟೆ ಇಟ್ಟ ಸುದ್ದಿಯನ್ನು ಕೇರಿಗೆಲ್ಲ ಸಾರುತ್ತಿದ್ದವು. ಗೂಡಿನಲ್ಲಿ ನೋಡಿದರೆ ಮೊಟ್ಟೆ ಇಲ್ಲ. ಚೀಲ ಹಿಡಿದು ಅಂಗಡಿಗೆ ಹೋದೆ.

"ಎಂತ, ನಿಮ್ಮ ಕೋಳಿಗೆ ರಜೆಯಾ?" ಎಂದ ಅಂಗಡಿಯವ.

ಹೆಂಡತಿ ಅಂಗಡಿಯವನಿಗಿಂತ ಖಡಕ್ಕು. "ಭಾನುವಾರ ಅಳಿಯ ಬತ್ತಾನೆ. ಅಷ್ಟರೊಳಗೆ ಇವು ಮೊಟ್ಟೆ ಕೊಟ್ರೆ ಮೊಟ್ಟೆ ಸಾರು. ಇಲ್ದಿದ್ರೆ ಕೋಳಿ ಸಾರು. ಆತಾ?"

ನನಗೆ ಅವುಗಳ ಮೇಲೆ ಸ್ವಲ್ಪ ಪ್ರೀತಿ ಬಂದುಬಿಟ್ಟಿತ್ತು. ಅಂಗಳಕ್ಕೆ ಹೋಗಿ ವಿಷಯ ತಿಳಿಸಿದೆ. ಒಂದು ಹೇಂಟೆ ನನ್ನ ಚಪ್ಪಲಿ ಕುಕ್ಕಿತು. ಉಳಿದವು ಅದನ್ನೂ ಮಾಡಲಿಲ್ಲ.

ರುಚಿಯೇ ಬೇರೆ

ಭಟ್ಕಳದ ಹಳೆಯ ಗೆಳೆಯ ಮನೆಗೆ ಬಂದ. ಬಹುಕಾಲ ದುಬೈಯಲ್ಲಿದ್ದವ. ನಾನು ಕೋಳಿ ಸಾಕಿದ್ದು ಕೇಳಿ ಮೊಟ್ಟೆ ತಿನ್ನಲೆಂದೇ ಬಂದಿದ್ದ. ಹೆಂಡತಿ ಅಂಗಡಿ ಮೊಟ್ಟೆ ಬೇಯಿಸಿ, ಸಿಪ್ಪೆ ಸುಲಿದು ಕೊಟ್ಟಳು.

ಕಣ್ಣು ಮುಚ್ಚಿ ತಿಂದ. "ಬಿಟ್ಟ ಕೋಳಿ ಮೊಟ್ಟೆ ಅಂದ್ರೆ ಇದು ಭಾಯಿ! ಅಂಗಡಿ ಮೊಟ್ಟೆಗೆ ಈ ರುಚಿ ಎಲ್ಲಿ? ಬಾಯಲ್ಲಿಟ್ಟ ಕೂಡಲೇ ಹೇಳ್ತೇನೆ ನಾನು."

ಹೆಂಡತಿ ನನ್ನ ಮುಖ ನೋಡಿದಳು. ನಾನು ಮಾಡಿನ ಹಂಚು ನೋಡಿದೆ.

"ಇನ್ನೊಂದು ತಿನ್ನು" ಎಂದೆ.

ತಿಂದ. ಹೊರಡುವಾಗ ಅಂಗಳದಲ್ಲಿ ನಿಂತು ಕೋಳಿಗಳಿಗೆ ಶಾಬಾಸ್ ಹೇಳಿದ.

ಎಲ್ಲರಿಗೂ ಒಳ್ಳೆಯದು

ಶನಿವಾರ ಒಂದು ಹೇಂಟೆಯ ಹಿಂದೆಯೇ ಹೋದೆ. ಅದು ಬೇಲಿ ನುಸುಳಿ ಮೇಷ್ಟ್ರ ಸೌದೆಕೊಟ್ಟಿಗೆ ಹೊಕ್ಕಿತು. ಇಣುಕಿದೆ. ಬುಟ್ಟಿಯಲ್ಲಿ ಒಣಹುಲ್ಲು ಹಾಸಿತ್ತು. ತೆಂಗಿನ ಗೆರಟೆಯಲ್ಲಿ ಅಕ್ಕಿನುಚ್ಚು. ಪಕ್ಕದಲ್ಲಿ ಮೇಷ್ಟ್ರು. ಮೊಟ್ಟೆ ಒಡೆದು ಹಸಿಯಾಗಿಯೇ ಗಂಟಲಿಗೆ ಸುರಿದುಕೊಳ್ಳುತ್ತಿದ್ದರು.

"ಎಂತ ಮೇಷ್ಟ್ರೆ?"

ನುಂಗಿ, ಸುಧಾರಿಸಿಕೊಂಡರು. "ಮೊಣಕಾಲು ನೋವು ಮಾರಾಯ್ರೆ. ಔಷಧಿ. ನಮ್ಮ ಮನೇಲಿ ಹೇಳಬೇಡಿ."

ಅಷ್ಟರಲ್ಲಿ ಹಿಂದಿನ ಬಾಗಿಲಿಂದ ಅವರ ಹೆಂಡತಿ ಬಂದರು. ಕೈಯಲ್ಲಿ ಖಾಲಿ ಬಟ್ಟಲು. ಸೀದಾ ಬುಟ್ಟಿಗೆ ಕೈ ಹಾಕಿದರು. ಆಮೇಲೆ ನಮ್ಮಿಬ್ಬರನ್ನು ಕಂಡರು.

"ನೀ ಇಲ್ಲಿ ಎಂತಕ್ಕೆ ಬಂದೆ?" ಎಂದರು ಮೇಷ್ಟ್ರು.

"ಕೂದ್ಲು ಉದುರ್ತು. ತಲೆಗೆ ಹಚ್ಚಲೆ ಬೇಕು."

"ಮೊಟ್ಟೆ ಮುಟ್ತ್ಯಾ? ಈ ಮನೆಲಿ ಮಡಿ ಅಂಬುದೇ ಇಲ್ಲೆಯಾ?"

"ಮೊದ್ಲು ಮೀಸೆ ಒರೆಸ್ಕಳಿ."

ಬುಟ್ಟಿಯಲ್ಲಿ ಉಳಿದದ್ದನ್ನು ಪಂಚೆಯಲ್ಲಿ ಕಟ್ಟಿಕೊಂಡು ಬಂದೆ. ಇಬ್ಬರೂ ತಡೆಯಲಿಲ್ಲ.

ಭಾನುವಾರ ಅಳಿಯನಿಗೆ ಮೊಟ್ಟೆ ಸಾರಾಯಿತು. ಕೋಳಿಗಳು ಉಳಿದವು.